ನಲವತ್ಮೂರು ಕುಂಟ ನರಸಿಂಹರು

"ಇದನ್ನೂ ನೋಡಿಬಿಡಿ ಮೇಡಂ," ಎಂದು ಗೋವಿಂದರಾಜರು ಚಿಮಟದ ತುದಿಯಲ್ಲಿ ಇಪ್ಪತ್ತೊಂದನೆಯ ನಾಣ್ಯವನ್ನೆತ್ತಿ ಮಸೂರದ ಕೆಳಗಿಟ್ಟರು.

ನೋಡಿದೆ. ಅದೇ ನರಸಿಂಹ. ಎಡಗಾಲು ಮೊಣಕಾಲಿನಿಂದ ಕೆಳಗೆ ಮಾಯ. ಹಿಂದಿನ ಇಪ್ಪತ್ತರಲ್ಲೂ ಹೀಗೆಯೇ ಇತ್ತು. ಬೆಳಿಗ್ಗೆ ಹತ್ತರಿಂದ ಬಗ್ಗಿ ಕೂತು ನನ್ನ ಕತ್ತು ಹಿಡಿದುಕೊಂಡಿತ್ತು. ಸಿಟ್ಟಂತೂ ಆಗಲೇ ನೆತ್ತಿಗೇರಿತ್ತು.

"ಉಳಿದದ್ದೂ ಹಿಂಗ ಏನ್ರಿ?"

"ನಲವತ್ಮೂರೂ ಹೀಗೇ."

"ಹಂಗಾರ ಅದನ್ನ ಮೊದಲ ಹೇಳಬೇಕಿಲ್ರಿ? ಒಂದೊಂದ ಯಾಕ ತೋರಸಾಕ ಹತ್ತೀರಿ?"

ಗೋವಿಂದರಾಜರು ಮೈಸೂರು ಕಡೆಯ ನಾಣ್ಯತಜ್ಞರು. ನಿವೃತ್ತಿಯಾಗಿ ಆರು ವರ್ಷವಾಗಿದೆ, ಅವಸರವೆಂಬುದು ಅವರ ಮನೆಯ ಹಾದಿಯಲ್ಲೂ ಸುಳಿದಿಲ್ಲ. ಕನ್ನಡಕ ಒರೆಸಿಕೊಂಡು ಶಾಂತವಾಗಿ ಹೇಳಿದರು: "ನೀವೇ ಕಣ್ಣಾರೆ ನೋಡದೆ ನಂಬೋದಿಲ್ಲ ಅಂತ ನಿಮ್ಮ ಹವಾಲ್ದಾರರು ಹೇಳಿದ್ರು."

ಬಾಗಿಲ ಹತ್ತಿರ ನಿಂತಿದ್ದ ಹವಾಲ್ದಾರ ಅಬ್ದುಲಸಾಬರು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದರು.

ಮುಂಗಾರು ಶುರುವಾಗುವ ಕಾರಹುಣ್ಣಿಮೆಯ ವಾರ ವಿರುಪಣ್ಣನೆಂಬ ರೈತ ದಾಳಿಂಬೆ ಗಿಡಕ್ಕೆ ಗುಂಡಿ ತೋಡುವಾಗ ಸಿಕ್ಕ, ಬಂಗಾರದ ನಾಣ್ಯ ತುಂಬಿದ ಮಣ್ಣಿನ ಕುಡಿಕೆಯನ್ನು ತಾನಾಗಿಯೇ ತಂದು ಕಂದಾಯ ಕಚೇರಿಗೆ ಒಪ್ಪಿಸಿದ್ದ. ಅವರು ಅದಕ್ಕೆ ಸೀಲು ಹಾಕಿ ತಿಜೋರಿಯಲ್ಲಿಟ್ಟಿದ್ದರು. ಆರು ತಿಂಗಳ ಮೇಲೆ ಸೀಲು ಒಡೆದು ನೋಡಿದರೆ ಒಳಗಿದ್ದದ್ದು ಹಿತ್ತಾಳೆ. ಈಗ ಜಿಲ್ಲೆಯ ತುಂಬ ಅವನನ್ನು ಕಳ್ಳ ಅನ್ನುತ್ತಿದ್ದಾರೆ. ಸಂಜೆ ಐದರೊಳಗೆ ಅವನನ್ನು ಬಂಧಿಸಿ ಕರೆತರಬೇಕೆಂದು ನನಗೆ ಆದೇಶವಾಗಿದೆ.

ಗೋವಿಂದರಾಜರು ನಾಣ್ಯವನ್ನು ನನ್ನ ಅಂಗೈಗೆ ಹಾಕಿದರು. ತೊಗರಿಬೇಳೆಯಷ್ಟಿತ್ತು. ಜೋರಾಗಿ ಉಸಿರು ಬಿಟ್ಟರೆ ಹಾರಿಹೋದೀತೆಂದು ಮುಷ್ಟಿ ಕಟ್ಟಿದೆ.

"ಮೈಸೂರು ಸಂಸ್ಥಾನದಲ್ಲಿ ಹಣ ಅಂತಿದ್ದ ಬಂಗಾರದ ನಾಣ್ಯ ಇಷ್ಟೇ ಇರ್ತಿತ್ತು. ಯಂತ್ರ ಇರಲಿಲ್ಲ. ಬಂಗಾರದ ಸಣ್ಣ ಗುಂಡು ಅಚ್ಚಿನ ಮೇಲಿಟ್ಟು, ಮೇಲೊಂದು ಅಚ್ಚು ಹಿಡಿದು ಸುತ್ತಿಗೆಯಿಂದ ಒಂದೇಟು. ಕೈ ಒಂದು ಕೂದಲೆಳೆ ಅಲುಗಿದರೆ ದೇವರು ಪಕ್ಕಕ್ಕೆ ಸರಿದುಬಿಡ್ತಾನೆ. ಒಂದರಲ್ಲಿ ತಲೆ ಹೋಗುತ್ತೆ, ಇನ್ನೊಂದರಲ್ಲಿ ಕಾಲು. ನಲವತ್ತು ವರ್ಷದಲ್ಲಿ ಸಾವಿರಾರು ಹಣ ನೋಡಿದ್ದೀನಿ, ಒಂದರ ಹಾಗೆ ಇನ್ನೊಂದು ಇರಲಿಲ್ಲ."

"ಇವು ಮಾತ್ರ ಒಂದ ಥರ ಅದಾವ."

"ಒಂದು ಅಸಲಿ ಹಣ ಮುಂದಿಟ್ಟುಕೊಂಡು ಅಚ್ಚು ತೆಗೆದು, ಹಿತ್ತಾಳೆ ಸುರಿದು, ಮೇಲೆ ಬಂಗಾರದ ನೀರು ಕೊಟ್ಟಿದ್ದಾರೆ. ನಲವತ್ಮೂರಕ್ಕೂ ತಾಯಿ ಒಂದೇ. ಆ ತಾಯಿ ಎಲ್ಲಿದ್ದಾಳೋ ಅಲ್ಲಿ ನಿಮ್ಮ ಕಳ್ಳ ಇದ್ದಾನೆ. ಇನ್ನೊಂದು ವಿಚಿತ್ರ ನೋಡಿ. ದೇವರ ತಲೆಯ ಮೇಲೆ ಅಂಚು ಇಷ್ಟುದ್ದ ನೇರವಾಗಿದೆ."

ಮತ್ತೆ ಬಗ್ಗಿದೆ. ದುಂಡಗಿನ ಅಂಚು ಒಂದು ಕಡೆ ಚಪ್ಪಟೆಯಾಗಿತ್ತು, ಯಾರೋ ಅರದಿಂದ ಉಜ್ಜಿದ ಹಾಗೆ.

"ಕೈಯಿಂದ ಕೈಗೆ ಓಡಾಡಿ ಸವೆದದ್ದಾದರೆ ಮೈಯೆಲ್ಲ ಸವೀಬೇಕು. ಒರೆ ಹಚ್ಚೋದಕ್ಕೆ ಒಂದು ಗೆರೆ ಸಾಕು. ಇದನ್ನ ಯಾರೋ ದಿನಾ ಕಲ್ಲಿನ ಮೇಲೆ ಉಜ್ಜಿದ್ದಾರೆ. ಯಾಕೆ ಅಂತ ಮಾತ್ರ ನನಗೆ ತಿಳೀತಿಲ್ಲ."

"ನಿಮಗ ತಿಳೀಲಿಲ್ಲಂದ್ರ ನನಗ ಹೆಂಗ ತಿಳೀತೈತ್ರಿ?" ಎಂದು ನಾಣ್ಯವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಜೇಬಿಗಿಳಿಸಿದೆ.

*

ಡಿವೈಎಸ್ಪಿ ಸಾಹೇಬರ ಫೋನು ಎರಡು ಗಂಟೆಗೆ ಬಂತು.

"ಏನ್ರಿ ಮಲ್ಲೇಶ್ವರಿ, ಆರೋಪಿ ಎಲ್ಲಿ?"

"ಸರ್, ಅಂವ ಕಳ್ಳ ಇದ್ದಿದ್ರ ಕುಡಿಕಿ ತಂದು ಯಾಕ ಕೊಡ್ತಿದ್ದ? ಸುಮ್ಮನ ಮುಚ್ಕೊಂಡು ಕುಂದರತಿದ್ದ."

"ಗುಂಡಿ ತೋಡಾಕ ಬಂದ ಆಳುಗಳು ನೋಡಿದ್ರಲ್ಲ, ಮುಚ್ಕೊಳ್ಳಾಕ ಆಗಲಿಲ್ಲ. ಅದಕ್ಕ ನಕಲಿ ಮಾಡಿಸಿ ತಂದು ಕೊಟ್ಟು, ಅಸಲಿ ಒಳಗ ಹಾಕ್ಯಾನ. ಸೀಲು ಸರಿ ಇತ್ತೋ ಇಲ್ಲೋ?"

"ಸರಿ ಇತ್ತರಿ."

"ಮತ್ತ? ಸೀಲು ಒಡೀದ ಒಳಗಿಂದು ಬದಲಾಗಾಕ ಅದೇನು ಜಾದೂ ಏನ್ರಿ? ಐದಕ್ಕ ನನ್ನ ಮುಂದ ಇರಬೇಕು."

ಫೋನು ಇಟ್ಟಮೇಲೆ ಪಂಚನಾಮೆಯನ್ನು ಹತ್ತನೆಯ ಸಲ ತೆಗೆದೆ. ಓದಿದಷ್ಟೂ ಹಲ್ಲು ಕಡಿಯುವ ಹಾಗಾಗುತ್ತದೆ. 'ಹಳದಿ ಬಣ್ಣದ ಲೋಹದ ಸಣ್ಣ ಬಿಲ್ಲೆಗಳು' ಎಂದು ಬರೆದಿದ್ದಾರೆ. ಬಂಗಾರ ಅನ್ನುವ ಪದವನ್ನು ನಮ್ಮ ಇಲಾಖೆಗಳಲ್ಲಿ ಯಾರೂ ಕಾಗದದ ಮೇಲಿಡುವುದಿಲ್ಲ. ನಾಳೆ ಪರೀಕ್ಷೆಯಲ್ಲಿ ಏನಾದರೂ ಹೆಚ್ಚುಕಮ್ಮಿಯಾದರೆ ಬರೆದವನ ಕುತ್ತಿಗೆಗೆ ಬರುತ್ತದೆ. ನಾನೂ ನೂರು ಸಲ ಹೀಗೆಯೇ ಬರೆದಿದ್ದೇನೆ. ಹೋಗಲಿ, ತೂಕವನ್ನಾದರೂ ನೋಡೋಣವೆಂದರೆ 'ಮಣ್ಣಿನ ಪಾತ್ರೆ ಸಮೇತ' ಎಂದಿದೆ. ಕುಡಿಕೆ ಪುರಾತನ ವಸ್ತು, ಬರಿದು ಮಾಡಬಾರದೆಂದು ಯಾವನೋ ಬುದ್ಧಿವಂತ ಹೇಳಿದನಂತೆ. ಫೋಟೋ ಒಂದೇ ಒಂದು, ಅದರಲ್ಲಿ ಸ್ಪಷ್ಟವಾಗಿ ಕಾಣುವುದು ಪಂಚರೊಬ್ಬರ ಹೆಬ್ಬೆರಳು.

"ಇದನ್ನ ಬರದಾವನ್ನ ಮೊದಲ ಒಳಗ ಹಾಕಬೇಕು," ಎಂದೆ.

"ಅಂವಗ ಬಡ್ತಿ ಆಗೇತ್ರಿ ಮೇಡಂ," ಎಂದರು ಅಬ್ದುಲಸಾಬರು. ಒಡೆದ ಸೀಲಿನ ಅರಗಿನ ತುಂಡುಗಳಿದ್ದ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. "ಇಲ್ಲಿ ಒಂಚೂರು ನೋಡ್ರಿ. ಅಕ್ಷರದ ಸಂದಿಯೊಳಗ ಬೆಳ್ಳಗ ಏನೋ ಐತಿ."

"ಧೂಳು."

"ಧೂಳು ಅಲ್ರಿ. ಬಟ್ಟಿಲೆ ಒರಸಿದ್ರೂ ಹೋಗವಲ್ದು. ಅರಗು ಬಿಸಿ ಇದ್ದಾಗ ಕೂತೈತಿ."

ಉಗುರಿನಿಂದ ಕೆರೆದು ಮೂಸಿ ನೋಡಿದೆ. ವಿಭೂತಿ. ಅರಗಿನ ಮೇಲೆ ಒತ್ತಿದಾಗ ಹಿತ್ತಾಳೆಯ ಮುದ್ರೆಗೇ ವಿಭೂತಿ ಮೆತ್ತಿಕೊಂಡಿತ್ತು ಎಂದಾಯಿತು.

ಕಚೇರಿಯ ಮುದ್ರೆಗೆ ವಿಭೂತಿ ಹಚ್ಚುವುದು ವರ್ಷಕ್ಕೊಂದು ದಿನ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. "ಆಯುಧಪೂಜಿ," ಎಂದರು ಅಬ್ದುಲಸಾಬರು.

ಆ ಕಂದಾಯ ಕಚೇರಿಯ ಸಿಬ್ಬಂದಿಯ ವಾಟ್ಸಾಪ್ ಗುಂಪಿನಿಂದ ಪೂಜೆಯ ಫೋಟೋ ತರಿಸಲು ಅರ್ಧ ಗಂಟೆ ಹಿಡಿಯಿತು. ಬಾಳೆಕಂದು, ಕುಂಬಳಕಾಯಿ. ತಿಜೋರಿಯ ಬಾಗಿಲು ಹಾರು ಹೊಡೆದಿದೆ, ಒಳಗೂ ಹೂ ಏರಿಸಿದ್ದಾರೆ. ಮುಂದಿನ ಮೇಜಿನ ಮೇಲೆ ಕೀಲಿಗೊಂಚಲು, ಮುದ್ರೆ, ಅರಗಿನ ಕಡ್ಡಿ, ಎಲ್ಲಕ್ಕೂ ಮೂರು ಮೂರು ಪಟ್ಟೆ ವಿಭೂತಿ. ಸುತ್ತ ಹದಿನಾಲ್ಕು ಜನ ಹಲ್ಲು ಕಿರಿದು ನಿಂತಿದ್ದಾರೆ. ಮಂಗಳಾರತಿಗೂ ಫಲಾಹಾರಕ್ಕೂ ನಡುವಿನ ಗದ್ದಲದಲ್ಲಿ ಐದು ನಿಮಿಷ ಯಾರಿಗಾದರೂ ಸಿಕ್ಕೀತು. ಹಳೆಯ ಸೀಲು ಒಡೆದು, ನಾಣ್ಯ ಬದಲಿಸಿ, ಹೊಸ ಸೀಲು ಒತ್ತುವುದಕ್ಕೆ ಅಷ್ಟು ಸಾಕು. ಆದರೆ ನಕಲಿ ನಾಣ್ಯ ಅಷ್ಟರೊಳಗೇ ಸಿದ್ಧವಾಗಿ ಜೇಬಿನಲ್ಲಿರಬೇಕು. ತಿಜೋರಿ ಅದಕ್ಕೂ ಮುಂಚೆ ತೆರೆದಿಲ್ಲ, ಅದಕ್ಕೆ ಕೀಲಿ ಎರಡು, ಇಬ್ಬರು ಸೇರದೆ ತೆರೆಯುವುದಿಲ್ಲ. ಹಾಗಾದರೆ ಅಚ್ಚಿಗೆ ತಾಯಿ ನಾಣ್ಯ ಎಲ್ಲಿಂದ ಬಂತು?

ಸಾಹೇಬರಿಗೆ ಫೋನು ಮಾಡಿದೆ. ನಕ್ಕರು.

"ಕಚೇರಿಯೊಳಗ ವಿಭೂತಿ ಯಾರ ಹಣಿ ಮ್ಯಾಲೆ ಇಲ್ರಿ? ಹದಿನಾಲ್ಕು ಮಂದೀನೂ ಹಿಡಕೊಂಡ ಬರ್ತೀರೇನು? ವಿರುಪಣ್ಣನ ಅಳಿಯ ಅಲ್ಲೇ ಗುಮಾಸ್ತ ಅದಾನ. ಅಂದ್ರ ಇನ್ನೂ ಛಲೋ ಆತು, ಕೇಸು ಗಟ್ಟಿ ಆತು. ಐದು ಗಂಟೆ, ಮಲ್ಲೇಶ್ವರಿ."

ನನ್ನ ಮಾತು ನನ್ನ ಮೇಲಿನವರಿಗೆ ನಾಟಿಸುವುದರಲ್ಲಿ ಹನ್ನೊಂದು ವರ್ಷ ಕಳೆದಿದ್ದೇನೆ. ಅಳವಂಡಿಯ ಸಂತೆಯಲ್ಲಿ ಬದನೆಕಾಯಿ ಮಾರಿದ್ದರೆ ಇಷ್ಟೊತ್ತಿಗೆ ಮನೆ ಕಟ್ಟಿರುತ್ತಿದ್ದೆ. ಜೀಪಿನ ಬಾಗಿಲನ್ನು ಅಗತ್ಯಕ್ಕಿಂತ ಜೋರಾಗಿ ಹಾಕಿ ಕೂತೆ.

*

ವಿರುಪಣ್ಣನ ತೋಟ ಕುಷ್ಟಗಿ ರಸ್ತೆಯಲ್ಲಿ, ಡಾಂಬರು ಬಿಟ್ಟು ಒಂದು ಹರದಾರಿ ಒಳಗೆ. ನಾವು ಹೋದಾಗ ನಾಲ್ಕು ಗಂಟೆ. ದಾಳಿಂಬೆ ಗಿಡಗಳಿಗೆ ಬಟ್ಟೆ ಹೊದಿಸುತ್ತಿದ್ದವನು ಕೈ ತೊಳೆದುಕೊಂಡು ಬಂದ. ಐವತ್ತಾರರ ಮನುಷ್ಯ, ತೆಳ್ಳಗೆ, ಗೆರೆಯಂಚಿನ ಧೋತರ.

"ಬರ್ರಿ ಅಕ್ಕಾರ. ಬರ್ತೀರಂತ ಗೊತ್ತಿತ್ತು. ಅರಿವಿ ಬದಲಿ ಮಾಡ್ಕೊಂಡು ಬರ್ಲ್ಯಾ?"

"ವಿರುಪಣ್ಣಾರ, ಕಡೀ ಸಲ ಕೇಳ್ತೀನಿ. ಒಂದಾದ್ರೂ ಹಣ ನಿಮ್ಮ ಕಡೆ ಉಳದೈತೇನು?"

"ನನ್ನ ಮಗಳಾಣಿ ಇಲ್ರಿ. ಇದ್ದದ್ದು ಇದ್ದಂಗ ಒಯ್ದು ಕೊಟ್ಟೇನಿ. ನಮ್ಮ ಅಳಿಯಂದ್ರು ಅದ ಕಚೇರಿಯೊಳಗ ಅದಾರ. 'ಮಾವಾರ, ಮುಚ್ಚಿಟ್ರ ತ್ರಾಸ ಆಕ್ಕೈತಿ, ಕೊಟ್ಟುಬಿಡ್ರಿ, ನಾ ಅದೀನಲ್ಲ' ಅಂದ್ರು. ಅವರ ಮಾತಿನ ಮ್ಯಾಲೆ ಕೊಟ್ಟೆ. ಈಗ ಊರಾಗ ಚಾ ಅಂಗಡಿ ಮುಂದ ಹಾದು ಹೋದ್ರ ಮಂದಿ ಮಾತು ನಿಲ್ಲಸ್ತಾರ್ರಿ." ಒದ್ದೆ ಕೈಯನ್ನು ಧೋತರಕ್ಕೆ ಒರೆಸಿಕೊಂಡ. "ಕಳ್ಳ ಅನಿಸ್ಕೊಂಡು ಬದುಕಾಕ ಆಗಂಗಿಲ್ಲ ನನ್ನ ಕಡೆ."

ಬಾಯಿ ಒಣಗಿತ್ತು. "ನೀರು ಕುಡದು ಹೋಗೋಣ," ಎಂದು ಒಳಗೆ ನಡೆದೆ.

ಪಡಸಾಲೆಯ ಆಚೆಯ ಕೋಣೆಯಿಂದ ಲೋಬಾನದ ಹೊಗೆ ಬರುತ್ತಿತ್ತು. ಬಾಗಿಲಿಗೆ ದಪ್ಪ ಕೌದಿಯ ಪರದೆ. ಸರಿಸಿದೆ. ಹೊರಸಿನ ಮೇಲೆ ಕಿವಿಗೆ ಬಟ್ಟೆ ಕಟ್ಟಿಕೊಂಡ ಅಂಜಲಿ, ವಿರುಪಣ್ಣನ ಮಗಳು, ತೊಡೆಯ ಮೇಲೆ ಕೂಸು. ಕೆಳಗೆ ಕಾಲು ಚಾಚಿ ಕೂತ ಮುದುಕಿ, ವಿರುಪಣ್ಣನ ತಾಯಿ ಶಂಕ್ರಮ್ಮ, ಸಾಣೆಕಲ್ಲಿನ ಮೇಲೆ ಏನೋ ತೇಯುತ್ತಿದ್ದಳು.

"ಯಾರದು? ಪೊಲೀಸವ್ವ ಏನು? ಬಾಣಂತಿ ಕ್ವಾಣಿ ಐತೆವ್ವ, ಕಾಲು ತೊಳಕೊಂಡ ಬಾ."

ಹೊರಬಂದು ಬೂಟು ಬಿಚ್ಚಿ, ಕಾಲಿಗೆ ನೀರು ಹಾಕಿಕೊಂಡು ಮತ್ತೆ ಹೋದೆ. ಮುದುಕಿಯ ಕೈಯಲ್ಲಿದ್ದದ್ದು ಬಜೆ ಬೇರು. ಎರಡು ಹನಿ ಎದೆಹಾಲು ಬಿಟ್ಟು ತೇದು ಕೂಸಿನ ನಾಲಿಗೆಗೆ ಹಚ್ಚುತ್ತಾರೆ, ಮಾತು ಚುರುಕಾಗಲಿ ಎಂದು. ನನಗೂ ಹಚ್ಚಿದ್ದರಂತೆ, ಸ್ವಲ್ಪ ಹೆಚ್ಚೇ ಹಚ್ಚಿದ್ದರು ಅಂತ ನಮ್ಮ ಸಾಹೇಬರ ಅಭಿಪ್ರಾಯ. ಬೇರಿನ ತುದಿಯನ್ನು ಸೀಳಿ ಆ ಸಂದಿಯಲ್ಲಿ ಏನನ್ನೋ ಸಿಗಿಸಿದ್ದಳು. ಕಲ್ಲಿನ ಮೇಲೆ ಒತ್ತಿ ತಿರುಗಿಸಿದಾಗ ಅದು ಫಳಕ್ಕೆಂದಿತು.

ಬಜೆಯ ಜೊತೆ ಬಂಗಾರವನ್ನೂ ತೇಯುತ್ತಾರೆ. ಇದು ನನಗೆ ಹುಟ್ಟಿದಾಗಿಂದ ಗೊತ್ತು. ಬೆಳಿಗ್ಗೆ ಮಸೂರದ ಮುಂದೆ ಕೂತಾಗ ಯಾಕೆ ಹೊಳೆಯಲಿಲ್ಲವೆಂದು ಹಣೆ ಚಚ್ಚಿಕೊಳ್ಳಬೇಕೆನಿಸಿತು.

"ಅಮ್ಮಾ, ಬಜಿಯೊಳಗ ಸಿಗಿಸಿದ್ದು ಏನದು?"

ಮುದುಕಿ ಬೇರನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು. "ಏನಿಲ್ಲಬೇ. ಒಂದ ಚೂರು ಬಂಗಾರ."

"ತೋರಸು."

"ಕೂಸಿನ ಔಷಧೈತಿ. ಮಂದಿ ಕೈಗೆ ಕೊಡೂಹಂಗಿಲ್ಲ."

"ಅಮ್ಮಾ, ಹೊರಗ ಜೀಪ್ ನಿಂತೈತಿ. ನಿನ್ನ ಮಗನ್ನ ಒಯ್ಯಾಕ ಬಂದೀನಿ. ಇನ್ನ ಐದು ನಿಮಿಷಕ್ಕ ಅಂವ ಅದರಾಗ ಕುಂದರ್ತಾನ. ಕೈ ಬಿಚ್ಚು."

ಮುದುಕಿ ಬಾಗಿಲ ಕಡೆ ನೋಡಿದಳು. ಮುಷ್ಟಿ ಬಿಚ್ಚಿದಳು.

ಜೇಬಿನಲ್ಲಿದ್ದ ನಕಲಿಯನ್ನು ತೆಗೆದು ಪಕ್ಕಕ್ಕಿಟ್ಟು ಮೊಬೈಲಿನ ಟಾರ್ಚ್ ಹಾಕಿದೆ. ಅದೇ ನರಸಿಂಹ, ಅದೇ ಇಲ್ಲದ ಎಡಗಾಲು, ತಲೆಯ ಮೇಲೆ ಅದೇ ಚಪ್ಪಟೆ. ಒಂದೇ ವ್ಯತ್ಯಾಸ: ಮುದುಕಿಯ ಹಣದಲ್ಲಿ ಸವೆತ ನಕಲಿಗಿಂತ ಹೆಚ್ಚಾಗಿತ್ತು, ದೇವರ ಕಿರೀಟವನ್ನು ಮುಟ್ಟುತ್ತಿತ್ತು. ಅಚ್ಚು ತೆಗೆದ ಮೇಲೂ ಇದನ್ನು ತೇಯುತ್ತ ಬಂದಿದ್ದಾರೆ.

"ಇದು ಆ ಕುಡಿಕಿಯೊಳಗಿಂದು, ಹೌದಲ್ಲ?"

"ಹೌದವ್ವ. ಮಗ ಕುಡಿಕಿ ತಂದು ಜಗಲಿ ಮ್ಯಾಲೆ ಇಟ್ಟು ಊರ ಹಿರ್ಯಾರನ್ನ ಕರಿಯಾಕ ಹೋಗಿದ್ದ. ನಾ ಅರಿಷಿಣ ಕುಂಕುಮ ಏರಿಸಿ ಒಂದ ತಗೊಂಡೆ. ಅಂವಗ ಹೇಳಲಿಲ್ಲ. ಮೊಮ್ಮಗಳು ಬಸರಿದ್ಲು. ಪ್ಯಾಟಿ ಬಂಗಾರದಾಗ ತಾಮ್ರ ಕೂಡಿಸಿರ್ತಾರ, ಅದನ್ನ ಕೂಸಿನ ಬಾಯಿಗೆ ಹೆಂಗ ಹಚ್ಚಲಿ? ಇದು ಭೂಮಿತಾಯಿ ಕೊಟ್ಟಿದ್ದು. ಸರಕಾರಕ್ಕ ನಲವತ್ಮೂರು ಹೋದುವು, ಒಂದ ಕಮ್ಮಿ ಆದ್ರ ಏನಾಕ್ಕೈತಿ ಅಂದ್ಕೊಂಡೆ."

"ಯಾವಾಗಿಂದ ತೇಯಾಕ ಹತ್ತಿದಿ?"

"ಕೂಸು ಹುಟ್ಟಿದ ಹನ್ನೊಂದನೇ ದಿನದಿಂದ. ಅದಕೂ ಮೊದಲ ಯಾರ ಬಾಯಿಗೆ ಹಚ್ಚಲಿ?"

"ಕೂಸು ಹುಟ್ಟಿದ್ದು ಎಂದು?"

"ನಾಗರಪಂಚಮಿ ಆಗಿ ಮೂರನೇ ದಿನಕ್ಕರಿ," ಎಂದಳು ಅಂಜಲಿ. ದಿಂಬಿನ ಕೆಳಗಿನಿಂದ ತಾಯಿ ಕಾರ್ಡು ತೆಗೆದು ಕೊಟ್ಟಳು. ತಾರೀಖು, ಸಮಯ, ತೂಕ ಎಲ್ಲ ಇತ್ತು. ಇಡೀ ಪ್ರಕರಣದಲ್ಲಿ ಸರಿಯಾಗಿ ತೂಕ ಬರೆದಿದ್ದ ಕಾಗದ ಅದೊಂದೇ.

ಗೋಡೆಗೆ ಒರಗಿ ನಿಂತು ಬಾಯಿಬಿಟ್ಟೇ ಲೆಕ್ಕ ಹಾಕಿದೆ. ವಿರುಪಣ್ಣ ಕುಡಿಕೆ ಒಪ್ಪಿಸಿದ್ದು ಕಾರಹುಣ್ಣಿಮೆಗೆ. ಕೂಸು ಹುಟ್ಟಿದ್ದು ಪಂಚಮಿಗೆ. ತೇಯುವುದು ಶುರುವಾದದ್ದು ಅದಾದ ಮೇಲೆ. ನಕಲಿಯ ಮೈಮೇಲೆ ಆ ಸವೆತ ಇದೆ ಅಂದರೆ ನಕಲಿ ತಯಾರಾದದ್ದು ಇನ್ನೂ ಆಮೇಲೆ. ಎರಡು ತಿಂಗಳ ಮೊದಲು ಕುಡಿಕೆ ಕೊಟ್ಟವನು ಅದರಲ್ಲಿ ಈ ನಕಲಿ ಹಾಕಿ ಕೊಡಲು ಸಾಧ್ಯವೇ ಇಲ್ಲ. ಅವನು ಕೊಟ್ಟದ್ದು ಅಸಲಿ. ಬದಲಾದದ್ದು ಕಚೇರಿಯಲ್ಲಿ, ಆಯುಧಪೂಜೆಯ ದಿನ. ಒಂದು ಹಣ ಮುಚ್ಚಿಟ್ಟದ್ದು ತಪ್ಪು ನಿಜ, ಆದರೆ ಆ ತಪ್ಪು ಮುದುಕಿಯದು. ವಿರುಪಣ್ಣ ಬಚಾವು!

ಈ ಕೇಸು ಕೈಗೆ ಬಂದ ಹನ್ನೆರಡು ದಿನಗಳಲ್ಲಿ ಮೊದಲ ಸಲ ಕುಣಿಯಬೇಕೆನಿಸಿತು. ಆದರೆ ಒಂದು ಪ್ರಶ್ನೆ ಉಳಿದಿತ್ತು.

"ಅಮ್ಮಾ, ಈ ಹಣ ಮನಿ ಬಿಟ್ಟು ಹೊರಗ ಹೋಗಿತ್ತೇನು?"

"ಇಲ್ಲ," ಎಂದಳು ಶಂಕ್ರಮ್ಮ. ನಾನು ಕೇಳಿ ಮುಗಿಸುವ ಮೊದಲೇ ಹೇಳಿದಳು.

"ಹೋಗಿತ್ತಲ್ಲ ಅಮ್ಮ, ಮರತೇನು?" ಎಂದಳು ಅಂಜಲಿ, ಕೂಸಿನ ಬಾಯಿ ಒರೆಸುತ್ತ. "ಗಣಪತಿ ಹಬ್ಬ ಆದಮ್ಯಾಲೆ ನಮ್ಮನಿಯವರು ಗಂಗಾವತಿಗೆ ಒಯ್ದಿದ್ರಲ್ಲ. ಕೊಂಡಿ ಹಾಕಿಸ್ಕೊಂಡು ಬರ್ತೀನಿ, ಕೂಸಿನ ಉಡದಾರಕ್ಕ ಪೋಣಸಾಕ ಬರ್ತೈತಿ ಅಂತ. ಎಂಟು ದಿನ ಬಿಟ್ಟು ಹಂಗ ತಂದು ಕೊಟ್ರು. ಭಾಳ ತೆಳ್ಳಗೈತಿ, ಕೊಂಡಿ ಹಚ್ಚಿದ್ರ ಸೀಳತೈತಿ ಅಂದ್ನಂತ ಅಲ್ಲಿ ಬಂಗಾರದ ಕೆಲಸದ ಪತ್ತಾರ..."

ಹೇಳುತ್ತ ಹೇಳುತ್ತ ಅವಳ ದನಿ ನಿಂತಿತು. ಗಂಡ ಕೆಲಸ ಮಾಡುವುದು ಎಲ್ಲಿ ಎಂಬುದು ಅವಳಿಗೆ ಆ ಕ್ಷಣ ನೆನಪಾಗಿರಬೇಕು. ಒರೆಸುತ್ತಿದ್ದ ಬಟ್ಟೆ ಕೈಯಿಂದ ಜಾರಿತು.

ಮುದುಕಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅವಳಿಗೆ ಇದು ಮೊದಲೇ ಹೊಳೆದಿತ್ತು.

ಪರದೆ ಸರಿದಿತ್ತು. ಹೊಸ್ತಿಲಾಚೆ ವಿರುಪಣ್ಣ ಮಡಿಚಿದ ಅಂಗಿ ಹಿಡಿದು ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದನೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ತಾಯಿಯ ಕಡೆ ನೋಡಿದ, ಮಗಳ ಕಡೆ ನೋಡಿದ, ಕೂಸಿನ ಮೇಲೆ ಕಣ್ಣು ನೆಟ್ಟ.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಸಾಹೇಬರು. ಸಿಗ್ನಲ್ ಕಡಿಯುತ್ತಿತ್ತು, ಸ್ಪೀಕರ್ ಹಾಕಿ ಪಡಸಾಲೆಗೆ ಬಂದೆ.

"ಹೊಂಟ್ರೇನು?"

"ಸರ್, ವಿರುಪಣ್ಣ ನಿರಪರಾಧಿ ಸರ್! ಸಾಕ್ಷಿ ಸಿಕ್ಕೈತಿ. ತಾಯಿ ನಾಣ್ಯ ನನ್ನ ಕೈಯಾಗೈತಿ. ನಕಲಿ ಮಾಡಿದ್ದು..."

"ಸಾಹೇಬ್ರ, ನಾ ವಿರುಪಣ್ಣರಿ."

ಅವನು ನನ್ನ ಪಕ್ಕಕ್ಕೇ ಬಂದು ಫೋನಿನ ಮೇಲೆ ಬಗ್ಗಿದ್ದ. ನಾನು ಫೋನು ಸರಿಸುವಷ್ಟರಲ್ಲಿ ಹೇಳಿಬಿಟ್ಟ.

"ನಾನ ಮಾಡೇನ್ರಿ. ಒಂದ ಹಣ ಮನ್ಯಾಗ ಇಟ್ಕೊಂಡು ಅದರದ ಅಚ್ಚು ತಗಿಸಿ, ನಕಲಿ ತಂದು ಕೊಟ್ಟೇನಿ. ಸವಸಿದಾವನೂ ನಾನ. ಕೂಸು ಹುಟ್ಟೂ ಮೊದಲ ಸವದಿತ್ತರಿ ಅದು. ಮೇಡಮ್ಮಾರಿಗೆ ನಮ್ಮ ಹೆಣ್ಮಕ್ಕಳು ಏನೇನೋ ಹೇಳ್ಯಾರ, ನಂಬಬ್ಯಾಡ್ರಿ."

"ಸುಳ್ಳು ಸರ್! ಇಂವ ಸುಳ್ಳು ಹೇಳಾಕ ಹತ್ಯಾನ!"

"ಮಲ್ಲೇಶ್ವರಿ," ಎಂದರು ಸಾಹೇಬರು, ನಗು ತಡೆದುಕೊಂಡು. "ಆರೋಪಿ ತಾನಾಗಿ ಒಪ್ಕೊಂಡಾಗ ಸುಳ್ಳು ಅಂತ ಕೂಗೂ ಪೊಲೀಸರನ್ನ ನಾ ಇವತ್ತ ಮೊದಲ ನೋಡಿದ್ದು. ನಾಣ್ಯ ಜಪ್ತಿ ಮಾಡ್ರಿ. ಕರ್ಕೊಂಡ ಬರ್ರಿ." ಫೋನು ಕಟ್ಟಾಯಿತು.

ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅವನ ಅಂಗಿಯ ತೋಳು ಹಿಡಿದೆಳೆದೆ. "ಬುದ್ಧಿ ಐತೇನ್ರಿ ನಿಮಗ? ಕಳ್ಳ ಅನಿಸ್ಕೊಂಡು ಬದುಕಾಕ ಆಗಂಗಿಲ್ಲ ಅಂದ್ರಲ್ಲ, ಇನ್ನ ಅರ್ಧ ತಾಸು ಸೈತ ಆಗಿಲ್ಲ!"

"ಅಕ್ಕಾರ," ಎಂದ, ಬಹಳ ಮೆಲ್ಲಗೆ. "ನನಗ ಐವತ್ತಾರಾತು. ಎಷ್ಟು ವರ್ಷ ಹಾಕಿದ್ರೂ ಒಳಗ ಕುಂತು ಬರ್ತೀನಿ. ಆಕಿಗೆ ಇಪ್ಪತ್ಮೂರು. ಆ ಕೂಸಿಗೆ ಅಪ್ಪ ಯಾರಂತ ಹೇಳ್ಲಿ? ನನ್ನ ಹೆಸರು ಹ್ಯಾಂಗೂ ಕೆಟ್ಟೈತಿ. ಅದರೊಳಗ ಇದೂ ಹೋಗ್ಲಿ."

"ಅಬ್ದುಲಸಾಬ್ರ, ಕಾಗದ ತರ್ರಿ," ಎಂದು ಕೂಗಿ ಮತ್ತೆ ಕೋಣೆಗೆ ಹೋದೆ. "ಅಂಜಲಿ, ನಿನ್ನ ಗಂಡ ಈ ಹಣ ಒಯ್ದಿದ್ದ ಅಂತ ಈಗ ಹೇಳಿದೆಲ್ಲ, ಅದನ್ನ ಬರಕೊಡ್ತಿ?"

ಅವಳು ಬಾಗಿಲಲ್ಲಿ ನಿಂತ ಅಪ್ಪನನ್ನು ನೋಡಿದಳು. ವಿರುಪಣ್ಣ ತಲೆ ಅಲ್ಲಾಡಿಸಿದ. ಅವನ ಕಣ್ಣಲ್ಲಿ ನೀರಿತ್ತು.

"ನಾ ಏನ್ ಹೇಳೇನ್ರಿ?" ಎಂದಳು ಅಂಜಲಿ. "ನಾ ಏನೂ ಹೇಳಿಲ್ರಿ."

ಮುದುಕಿಯನ್ನು ಕೇಳುವ ಮೊದಲೇ ಅವಳು ಗೋಡೆಯ ಕಡೆ ಮುಖ ಮಾಡಿ ಕೂತಳು. ಒಬ್ಬನನ್ನು ಬಿಡಿಸುವುದಕ್ಕೆ ಮೂರು ಜನರ ಜೊತೆ ಗುದ್ದಾಡಿದ್ದೆ, ಒಬ್ಬ ಅವನೇ, ಇನ್ನಿಬ್ಬರು ಅವನ ಮನೆಯವರೇ. ಅಬ್ದುಲಸಾಬರು ತಂದ ಕಾಗದ ಖಾಲಿಯಾಗಿಯೇ ನನ್ನ ಕೈಯಲ್ಲಿತ್ತು.

ಹೊರಗೆ ಬೈಕು ನಿಂತ ಸದ್ದಾಯಿತು.

ಕೈಯಲ್ಲಿ ಡೈಪರಿನ ದೊಡ್ಡ ಪಾಕೀಟು ಹಿಡಿದು ಒಳಬಂದವನು ಸಿದ್ದಲಿಂಗೇಶ, ಈ ಮನೆಯ ಅಳಿಯ. ಯಲಬುರ್ಗಾದ ತನ್ನ ಮನೆಗೆ ಹೋಗುವ ಮೊದಲು ದಿನಾ ಸಂಜೆ ಇಲ್ಲಿಗೆ ಬರುತ್ತಾನಂತೆ, ಇವತ್ತು ಬೇಗ ಬಂದಿದ್ದ. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ವಿಚಾರಣೆಗೆ ಅವನ ಕಚೇರಿಗೆ ಹೋದಾಗಲೆಲ್ಲ ನನಗೆ ಕುರ್ಚಿ ಎಳೆದು ಹಾಕಿದ್ದ ವಿನಯವಂತ.

"ಏನಾತ್ರಿ ಮಾವಾರ? ಜೀಪ್ ಯಾಕ ಬಂದೈತಿ?"

"ಏನಿಲ್ಲ ಅಳಿಯಂದ್ರ," ಎಂದ ವಿರುಪಣ್ಣ, ನಗಲು ಪ್ರಯತ್ನಿಸಿ. "ಹಣ ಬದಲಿ ಮಾಡಿದ್ದು ನಾನ ಅಂತ ಒಪ್ಕೊಂಡೇನಿ. ನೀವು ಮನಿ ಕಡೆ ಲಕ್ಷ್ಯ ಇಟ್ಟಿರ್ರಿ."

ಸಿದ್ದಲಿಂಗೇಶ ನನ್ನ ಕೈಯಲ್ಲಿದ್ದ ಹಣವನ್ನು ನೋಡಿದ. ಮಾವನ ಮುಖ ನೋಡಿದ. ಅವನಿಗೆ ಅರ್ಥವಾಯಿತೆಂದು ನನಗೂ ಅರ್ಥವಾಯಿತು. ಏನಾದರೂ ಹೇಳುತ್ತಾನೆಯೇ ಎಂದು ಕಾದೆ. ಪಾಕೀಟನ್ನು ಮೆಲ್ಲಗೆ ಕಟ್ಟೆಯ ಮೇಲಿಟ್ಟ.

"ಒಪ್ಕೊಂಡಿದ್ದು ಛಲೋ ಆತ್ರಿ ಮಾವಾರ," ಎಂದ. "ಶಿಕ್ಷಾ ಕಮ್ಮಿ ಆಕ್ಕೈತಿ."

ವಿರುಪಣ್ಣ ತಲೆ ತಗ್ಗಿಸಿದ. ಅಂಜಲಿ ಕೂಸನ್ನೆತ್ತಿಕೊಂಡು ಪರದೆಯ ಹತ್ತಿರ ಬಂದು ನಿಂತಿದ್ದಳು. ಅವಳು ಬಂದದ್ದು ಸಿದ್ದಲಿಂಗೇಶನಿಗೆ ಆಗ ಕಂಡಿತು. ದಿನಾ ಬಂದು ಮಾಡುವ ಹಾಗೆಯೇ ಎರಡೂ ಕೈ ಚಾಚಿದ.

"ಕೊಡಿಲ್ಲೆ ಕೂಸನ್ನ."

ಅಂಜಲಿ ಕೊಡಲಿಲ್ಲ. ಅವನನ್ನು ದಾಟಿ, ಅಪ್ಪನನ್ನೂ ದಾಟಿ ಬಂದು, ಕೂಸನ್ನು ನನ್ನ ಕೈಗಿಟ್ಟಳು. ಖಾಲಿ ಕಾಗದವನ್ನು ತಾನು ತೆಗೆದುಕೊಂಡಳು.

"ಮೇಡಂರಿ," ಎಂದಳು. "ಆಗಳೆ ನನ್ನ ಒಂದ ಮಾತು ಕೇಳಿದ್ರಲ್ಲ. ಅದನ್ನ ಇನ್ನೊಮ್ಮೆ ಕೇಳ್ರಿ."